ಹೆದರಿಸುವ ಕಡಿತ ಬೇರೆ, ಕೊಲ್ಲುವ ಕಡಿತ ಬೇರೆ

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಪ್ರಾಣಿ ಕಡಿತಕ್ಕೆಂದೇ ಒಂದು ರಿಜಿಸ್ಟರ್ ಇರುತ್ತದೆ. ಕಡಿಸಿಕೊಂಡವರ ಹೆಸರು, ವಯಸ್ಸು, ಊರು, ಕಚ್ಚಿದ ಪ್ರಾಣಿ ಯಾವುದು, ಗಾಯ ದೇಹದ ಯಾವ ಭಾಗದಲ್ಲಿ, ಎಷ್ಟನೇ ಡೋಸ್ ಯಾವ ತಾರೀಖಿಗೆ ಎಂಬ ವಿವರಗಳಷ್ಟೇ ಅದರಲ್ಲಿರುವುದು. ಆದರೆ ಒಂದು ತಾಲ್ಲೂಕಿನಲ್ಲಿ ರೇಬೀಸ್ ಯಾವ ದಾರಿಯಲ್ಲಿ ಓಡಾಡುತ್ತಿದೆ, ನಾಳೆ ಯಾರ ಮನೆಯ ಬಾಗಿಲಿಗೆ ಬರಬಹುದು ಎಂಬುದನ್ನು ಹೇಳಬಲ್ಲ ದಾಖಲೆ ಅದಕ್ಕಿಂತ ಉತ್ತಮವಾದದ್ದು ನಮ್ಮಲ್ಲಿಲ್ಲ. ಅದನ್ನು ಓದುವ ಕ್ರಮವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ವಿವರಿಸುತ್ತೇನೆ.

ಸುದ್ದಿಯಾಗುವುದು ಒಟ್ಟು ಸಂಖ್ಯೆ. ಕರ್ನಾಟಕದಲ್ಲಿ 2024ರಲ್ಲಿ ಸುಮಾರು 3.6 ಲಕ್ಷ ನಾಯಿ ಕಡಿತ ಪ್ರಕರಣಗಳು ವರದಿಯಾದವು. ಅದೇ ವರ್ಷ ರೇಬೀಸ್‌ನಿಂದ ಸತ್ತರೆಂದು ದಾಖಲಾದವರು 42 ಮಂದಿ. ಇಡೀ ದೇಶಕ್ಕೆ ಸಂಬಂಧಿಸಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ವರ್ಷಕ್ಕೆ 91 ಲಕ್ಷ ಪ್ರಾಣಿ ಕಡಿತಗಳನ್ನೂ 5,700ಕ್ಕೂ ಹೆಚ್ಚು ರೇಬೀಸ್ ಸಾವುಗಳನ್ನೂ ಅಂದಾಜಿಸಿತು. ಪ್ರತಿ ನಾಲ್ಕು ಕಡಿತಗಳಲ್ಲಿ ಮೂರು ನಾಯಿಯವು. ನಮ್ಮ ರಾಜ್ಯದಲ್ಲಿ ಕಡಿತ ಲಕ್ಷಗಳಲ್ಲಿದೆ, ದಾಖಲಾದ ಸಾವು ಹತ್ತಾರರಲ್ಲಿದೆ. ಇಷ್ಟು ಅಂತರವೇಕೆ? ಕಚ್ಚುವ ನಾಯಿಗಳಲ್ಲಿ ಬಹುಪಾಲಿಗೆ ರೇಬೀಸ್ ಇರುವುದಿಲ್ಲ ಎಂಬುದು ಒಂದು ಕಾರಣ. ಕಡಿಸಿಕೊಂಡವರಲ್ಲಿ ಹೆಚ್ಚಿನವರು ಲಸಿಕೆ ಹಾಕಿಸಿಕೊಳ್ಳುತ್ತಾರೆ ಎಂಬುದು ಇನ್ನೊಂದು. ಹಾಗಾದರೆ ಸಾಯುವವರು ಯಾರು? ರೇಬೀಸ್ ಸಾವುಗಳ ಹಿನ್ನೆಲೆಯನ್ನು ವಿಚಾರಿಸಿದಾಗಲೆಲ್ಲ ಬಹುಮಟ್ಟಿಗೆ ಒಂದೇ ಉತ್ತರ ಸಿಗುತ್ತದೆ. ಆಸ್ಪತ್ರೆಗೆ ಹೋಗದವರು, ಲಸಿಕೆಯನ್ನು ಅರ್ಧಕ್ಕೆ ಬಿಟ್ಟವರು, ವೈರಸ್ಸನ್ನು ಗಾಯದಲ್ಲೇ ತಡೆಯುವ ಸೀರಂ ಎಂಬ ಚುಚ್ಚುಮದ್ದು ಬೇಕಿದ್ದ ಗಾಯಕ್ಕೆ ಬರೀ ಲಸಿಕೆ ಪಡೆದವರು. ಮಾಂಸ ಕಿತ್ತುಬಂದ ಕಡಿತ ಯಾರನ್ನಾದರೂ ಆಸ್ಪತ್ರೆಗೆ ಓಡಿಸುತ್ತದೆ. ಪರಚಿದ ಗೆರೆ ಯಾರನ್ನೂ ಓಡಿಸುವುದಿಲ್ಲ. ನಮ್ಮನ್ನು ಹೆಚ್ಚು ಹೆದರಿಸುವ ಕಡಿತಕ್ಕೂ ನಮ್ಮನ್ನು ನಿಜವಾಗಿ ಕೊಲ್ಲುವ ಕಡಿತಕ್ಕೂ ಇರುವ ಈ ವ್ಯತ್ಯಾಸ ಅರ್ಥವಾಗದೆ ರೇಬೀಸ್ ಅರ್ಥವಾಗುವುದಿಲ್ಲ.

ಮೊದಲು ಕಡಿತದ ವಿನ್ಯಾಸ ನೋಡೋಣ. ಕಡಿಸಿಕೊಳ್ಳುವವರಲ್ಲಿ ಗಂಡಸರು ಮತ್ತು ಮಕ್ಕಳು ಹೆಚ್ಚು. ರೇಬೀಸ್ ಶಂಕೆಯ ಪ್ರಾಣಿಗಳಿಂದ ಕಡಿಸಿಕೊಂಡವರಲ್ಲಿ ನೂರಕ್ಕೆ 40 ಮಂದಿ 15 ವರ್ಷದೊಳಗಿನವರು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೊಡ್ಡವರಿಗೆ ಗಾಯವಾಗುವುದು ಸಾಮಾನ್ಯವಾಗಿ ಕಾಲಿಗೆ. ಮಕ್ಕಳ ಎತ್ತರಕ್ಕೆ ನಾಯಿಯ ಬಾಯಿ ಮುಖದ ಹತ್ತಿರವೇ ಇರುವುದರಿಂದ ಅವರಿಗೆ ಕೆನ್ನೆ, ತುಟಿ, ಕತ್ತು, ಕೈ. ಹೊತ್ತು ಮತ್ತು ಜಾಗ ಊರಿನ ಬದುಕಿನ ಪ್ರಕಾರ ಬದಲಾಗುತ್ತವೆ. ನಮ್ಮ ಕಡೆ ಬೆಳಕು ಹರಿಯುವ ಮುಂಚೆಯೇ ಹಾಲಿನ ಕ್ಯಾನ್ ಹಿಡಿದು ಡೇರಿಗೆ ಹೋಗುವವರು, ಗೂಡಿನ ಚೀಲ ಹೇರಿಕೊಂಡು ಶಿಡ್ಲಘಟ್ಟದ ರೇಷ್ಮೆ ಮಾರುಕಟ್ಟೆಗೆ ಹೊರಡುವವರು, ಟ್ಯೂಷನ್‌ಗೆ ಸೈಕಲ್ ತುಳಿಯುವ ಮಕ್ಕಳು ಎಲ್ಲರೂ ರಸ್ತೆಯಲ್ಲಿರುತ್ತಾರೆ. ರಾತ್ರಿಯಿಡೀ ಬೀದಿಯನ್ನು ತಮ್ಮದೆಂದುಕೊಂಡಿದ್ದ ನಾಯಿಗಳು ಆಗ ಇನ್ನೂ ಗುಂಪಿನಲ್ಲಿರುತ್ತವೆ. ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಕೆರೆಯಂಗಳ, ಕಲ್ಯಾಣ ಮಂಟಪದ ಹಿಂಭಾಗ, ಹೆದ್ದಾರಿ ಬದಿಯ ಡಾಬಾ ಇವೆಲ್ಲ ಗುಂಪು ಕಟ್ಟುವ ಜಾಗಗಳು. ಮಳೆಗಾಲದ ಕೊನೆಗೆ ಬೆದೆ, ಚಳಿಗಾಲಕ್ಕೆ ಮರಿಗಳು. ಮರಿ ಹಾಕಿದ ತಾಯಿ ಹತ್ತಿರ ಬಂದವರ ಮೇಲೆ ಹಾಯುತ್ತದೆ, ಮಕ್ಕಳು ಮರಿಗಳನ್ನು ಎತ್ತಿಕೊಳ್ಳಲು ಹೋಗುತ್ತಾರೆ. ನಂದಿಬೆಟ್ಟದಲ್ಲಿ ತಿಂಡಿಯ ಪೊಟ್ಟಣಕ್ಕೆ ಕೈಹಾಕುವ ಮಂಗಗಳ ಕಡಿತ, ಮನೆಯ ಬೆಕ್ಕಿನ ಪರಚು ಕೂಡ ಇದೇ ರಿಜಿಸ್ಟರ್‌ನಲ್ಲಿ ಬರುತ್ತವೆ. ಬೀದಿನಾಯಿಯನ್ನು ಮಾತ್ರ ದೂರುವವರು ಗಮನಿಸಬೇಕಾದ ಸಂಗತಿಯೊಂದಿದೆ. ಕಡಿತಗಳಲ್ಲಿ ಗಣನೀಯ ಪಾಲು ಪರಿಚಿತ ನಾಯಿಗಳದು, ಅಂದರೆ ಮನೆಯದು, ಪಕ್ಕದ ಮನೆಯದು, ತೋಟ ಕಾಯಲು ಬಿಟ್ಟದ್ದು.

ಇವೆಲ್ಲ ರೋಗವಿಲ್ಲದ ನಾಯಿಗಳ ಕಡಿತದ ಚಿತ್ರ. ಜಗಳಕ್ಕೆ, ಭಯಕ್ಕೆ, ಅನ್ನಕ್ಕೆ, ಮರಿಗೆ ಹೀಗೆ ಏನಾದರೊಂದು ಕಾರಣವಿರುತ್ತದೆ. ರೇಬೀಸ್ ತಗುಲಿದ ನಾಯಿಯ ಚಿತ್ರವೇ ಬೇರೆ. ಅದು ತನ್ನ ಬೀದಿ ಬಿಟ್ಟು ಓಡುತ್ತದೆ, ಎದುರು ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಮನುಷ್ಯ, ಎಮ್ಮೆ, ಮೇಕೆ, ಇನ್ನೊಂದು ನಾಯಿ, ಕೆಲವೊಮ್ಮೆ ಕಲ್ಲು ಕಂಬ. ರಿಜಿಸ್ಟರ್‌ನಲ್ಲಿ ಇದು ಎದ್ದು ಕಾಣುತ್ತದೆ. ವಾರಕ್ಕೆ ಒಂದೋ ಎರಡೋ ಕಡಿತ ಬರುತ್ತಿದ್ದ ಹಳ್ಳಿಯಿಂದ ಒಂದೇ ದಿನ ಐದಾರು ಮಂದಿ ಬಂದು, ಮರುದಿನ ಅದೇ ರಸ್ತೆಯ ಮುಂದಿನ ಹಳ್ಳಿಯಿಂದ ಮೂವರು ಬಂದರೆ, ಹಾಗೆ ಬಂದವರನ್ನು ಎಣಿಸಿ ಸುಮ್ಮನಾಗುವಂತಿಲ್ಲ. ಬಾರದೆ ಉಳಿದವರನ್ನು ಹುಡುಕಬೇಕು. ಅದೇ ನಾಯಿ ಪರಚಿದ ಅಜ್ಜಿ, ಅದು ಕಚ್ಚಿದ ಹಸು, ಅದರ ಜೊತೆ ಕಾದಾಡಿದ ನಾಯಿಗಳು. ಆಶಾ ಕಾರ್ಯಕರ್ತೆ ಮತ್ತು ಪಶು ವೈದ್ಯರು ಆ ದಿನ ಜೊತೆಗೂಡಿ ಆ ರಸ್ತೆಯಲ್ಲಿ ನಡೆದರೆ ಒಂದು ಜೀವ ಉಳಿಯಬಹುದು. ನನ್ನ ದೃಷ್ಟಿಯಲ್ಲಿ ಇಡೀ ರೇಬೀಸ್ ತಡೆ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನ, ಇಷ್ಟು ಫಲ ಕೊಡುವ ಕ್ರಮ ಇನ್ನೊಂದಿಲ್ಲ.

ಆದರೆ ರೇಬೀಸ್ ಯಾವಾಗಲೂ ಹೀಗೆ ಅಬ್ಬರಿಸಿಕೊಂಡು ಬರುವುದಿಲ್ಲ. ಇನ್ನೊಂದು ಬಗೆಯಲ್ಲಿ ನಾಯಿ ಮಂಕಾಗುತ್ತದೆ, ಕತ್ತಲ ಮೂಲೆ ಸೇರುತ್ತದೆ, ಕೆಳದವಡೆ ಜೋತುಬಿದ್ದು ಜೊಲ್ಲು ಸುರಿಯುತ್ತದೆ, ದನಿ ಬದಲಾಗುತ್ತದೆ, ನುಂಗಲಾಗುವುದಿಲ್ಲ. ನೋಡಿದವರಿಗೆ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಂತೆ ತೋರುತ್ತದೆ. ಕನಿಕರಪಟ್ಟು ಬಾಯಿಗೆ ಕೈಹಾಕುತ್ತಾರೆ. ಮರಿಗಳ ವಿಷಯದಲ್ಲಂತೂ ಅನುಮಾನವೇ ಬರುವುದಿಲ್ಲ. ನಾಯಿಮರಿಗೆ ಸಾಮಾನ್ಯವಾಗಿ ಮೂರು ತಿಂಗಳಾದಾಗ ಮೊದಲ ರೇಬೀಸ್ ಲಸಿಕೆ ಹಾಕಿಸುತ್ತಾರೆ. ಅದಕ್ಕೂ ಮುಂಚೆ ಮಕ್ಕಳೊಡನೆ ಆಡುತ್ತ ಹಲ್ಲು ತಾಗಿಸುವ ಮರಿಗೆ ರಕ್ಷಣೆಯಿಲ್ಲ. ಅದರ ತಾಯಿಯನ್ನೋ ಅದನ್ನೋ ರೋಗದ ನಾಯಿ ಕಚ್ಚಿದ್ದು ಯಾರಿಗೂ ಗೊತ್ತಿರುವುದಿಲ್ಲ. ವಾರದಲ್ಲಿ ಮರಿ ಸಾಯುತ್ತದೆ, ಬೇಧಿಯಾಗಿ ಸತ್ತಿತೆಂದು ಮಣ್ಣು ಮಾಡುತ್ತಾರೆ, ಮಗುವಿನ ಬೆರಳಿನ ಗೀರು ಮರೆತುಹೋಗುತ್ತದೆ.

ಆ ಗೀರಿನಿಂದ ಮುಂದೆ ಆಗುವುದೇನು? ಜೊಲ್ಲಿನ ಮೂಲಕ ಒಳಹೋದ ವೈರಸ್ ಕೆಲವು ಕಾಲ ಗಾಯದ ಸ್ನಾಯುಗಳಲ್ಲೇ ಉಳಿದು, ನಂತರ ಹತ್ತಿರದ ನರದ ತುದಿಯನ್ನು ಸೇರುತ್ತದೆ. ಅಲ್ಲಿಂದ ನರದೊಳಗೇ ಮಿದುಳಿನತ್ತ ಸಾಗುತ್ತದೆ. ರಕ್ತದಲ್ಲಿ ಹರಿಯುವುದಿಲ್ಲವಾದ್ದರಿಂದ ದೇಹದ ರಕ್ಷಣಾ ವ್ಯವಸ್ಥೆಗೆ ಅದರ ಸುಳಿವು ಸಿಗುವುದೇ ಇಲ್ಲ, ಯಾವ ರಕ್ತಪರೀಕ್ಷೆಯಲ್ಲೂ ಈ ಹಂತದಲ್ಲಿ ಅದನ್ನು ಹಿಡಿಯಲಾಗುವುದಿಲ್ಲ. ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು ಹಿಡಿಯುತ್ತದೆ. ಒಂದು ವಾರಕ್ಕೂ ಕಡಿಮೆಯಾಗಬಹುದು, ವರ್ಷಕ್ಕೂ ಮೀರಬಹುದು. ಮುಖ, ಕತ್ತು, ತಲೆಯಲ್ಲಿ ಗಾಯವಾದರೆ ದಾರಿ ಚಿಕ್ಕದು. ಬೆರಳ ತುದಿ, ಜನನಾಂಗದಂಥ ಭಾಗಗಳಲ್ಲಿ ನರಗಳು ದಟ್ಟವಾಗಿರುವುದರಿಂದ ವೈರಸ್‌ಗೆ ದಾರಿ ಸುಲಭವಾಗಿ ಸಿಗುತ್ತದೆ. ಮಗುವಿನ ಬೆರಳ ಗೀರು ದೊಡ್ಡವರ ಮೀನಖಂಡದ ಆಳವಾದ ಗಾಯಕ್ಕಿಂತ ಹಗುರವಲ್ಲ ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ.

ವೈರಸ್ ಮಿದುಳನ್ನು ಮುಟ್ಟಿ ಲಕ್ಷಣಗಳು ಶುರುವಾದ ಮೇಲೆ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು. ಹಳೆಯ ಗಾಯದ ಜಾಗದಲ್ಲಿ ಜುಮುಗುಡುವಿಕೆ, ಜ್ವರ, ಆತಂಕ, ಆಮೇಲೆ ನೀರು ಕಂಡರೆ ಮತ್ತು ಗಾಳಿ ಬೀಸಿದರೆ ಗಂಟಲು ಬಿಗಿದುಕೊಳ್ಳುವ ಸೆಳೆತ. ಐವರಲ್ಲಿ ಒಬ್ಬರಿಗೆ ಈ ನೀರಿನ ಭಯವೇ ಕಾಣದೆ ನಿಧಾನವಾಗಿ ಪಾರ್ಶ್ವವಾಯುವಿನಂತೆ ಕೈಕಾಲು ಸೋಲುತ್ತವೆ, ಬೇರೆ ನರರೋಗವೆಂದು ಭ್ರಮಿಸಲಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಯೋಗಾಲಯ ರೇಬೀಸ್ ಪರೀಕ್ಷೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ. ಇಂಥ ಅನುಮಾನಗಳನ್ನು ಅಲ್ಲಿ ಬಗೆಹರಿಸಬಹುದು. ಮನುಷ್ಯರಲ್ಲಿನ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಕರ್ನಾಟಕ 2022ರಲ್ಲಿ ಘೋಷಿಸಿದ ಮೇಲೆ ಸಾವುಗಳು ಲೆಕ್ಕಕ್ಕೆ ಸಿಗುವುದು ಹೆಚ್ಚಿದೆ.

ಇನ್ನು ನಾಟಿ ಔಷಧಿಯ ಮಾತು. ಈ ಸೀಮೆಯಲ್ಲಿ ನಾಯಿ ಕಡಿತಕ್ಕೆ ಸೊಪ್ಪಿನ ರಸ ಕುಡಿಸುವವರು, ಮಂತ್ರಿಸಿದ ದಾರ ಕಟ್ಟುವವರು ಈಗಲೂ ಇದ್ದಾರೆ. ಅವರ ಬಳಿ ಹೋದವರು ಮೂರ್ಖರೆಂದು ನಾನು ಹೇಳುವುದಿಲ್ಲ, ಏಕೆಂದರೆ ಅವರ ಕಣ್ಣಿಗೆ ಕಂಡದ್ದು ಸುಳ್ಳಲ್ಲ. ಔಷಧಿ ತೆಗೆದುಕೊಂಡ ನೂರು ಮಂದಿಯಲ್ಲಿ ಬಹುತೇಕ ಎಲ್ಲರೂ ಬದುಕಿರುತ್ತಾರೆ. ಆದರೆ ಅವರನ್ನು ಕಚ್ಚಿದ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರಲೇ ಇಲ್ಲ. ರೇಬೀಸ್ ಇದ್ದ ನಾಯಿ ಕಚ್ಚಿದರೂ ಪ್ರತಿ ಸಲ ವೈರಸ್ ದಾಟುವುದಿಲ್ಲ. ದಪ್ಪ ಪ್ಯಾಂಟಿನ ಮೇಲೆ ಬಿದ್ದ ಹಲ್ಲು ಜೊಲ್ಲನ್ನು ಬಟ್ಟೆಯಲ್ಲೇ ಬಿಟ್ಟಿರಬಹುದು, ಆ ಹೊತ್ತಿಗೆ ಜೊಲ್ಲಿನಲ್ಲಿ ವೈರಸ್ ಕಡಿಮೆಯಿದ್ದಿರಬಹುದು. ಏನೂ ಕುಡಿಯದಿದ್ದರೂ ಅವರು ಬದುಕುತ್ತಿದ್ದರು. ಗೆಲುವು ಸೊಪ್ಪಿನ ಹೆಸರಿಗೆ ಜಮೆಯಾಗುತ್ತದೆ. ಎರಡು ತಿಂಗಳ ನಂತರ ಸತ್ತ ಒಬ್ಬರ ಸಾವು ಯಾವುದೋ ಜ್ವರದ ಹೆಸರಿಗೆ ಹೋಗುತ್ತದೆ. ಈ ಲೆಕ್ಕ ತಪ್ಪಿರುವುದರಿಂದಲೇ ತಲೆಮಾರುಗಳ ನಂಬಿಕೆ ಗಟ್ಟಿಯಾಗಿ ನಿಂತಿದೆ. ಬೈಯುವುದರಿಂದ ಅದು ಅಲುಗಾಡುವುದಿಲ್ಲ, ಲೆಕ್ಕವನ್ನು ಬಿಡಿಸಿ ತೋರಿಸಬೇಕು.

ಗಾಯಕ್ಕೆ ಹಚ್ಚುವ ವಸ್ತುಗಳ ವಿಷಯದಲ್ಲಿ ಮಾತ್ರ ಇಷ್ಟು ತಾಳ್ಮೆ ನನಗಿಲ್ಲ. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಅರಿಶಿನ ಇವು ಗಾಯವನ್ನು ಕೆರಳಿಸಿ ವೈರಸ್ಸನ್ನು ಇನ್ನಷ್ಟು ಒಳಕ್ಕೆ ತಳ್ಳಬಲ್ಲವು. ಮಾಡಬೇಕಾದ್ದು ಪ್ರತಿ ಮನೆಯ ಬಚ್ಚಲಲ್ಲೂ ಇದೆ. ಹರಿಯುವ ನೀರು ಮತ್ತು ಸೋಪು, 15 ನಿಮಿಷ. ರೇಬೀಸ್ ವೈರಸ್‌ನ ಹೊರಕವಚ ಕೊಬ್ಬಿನಿಂದಾದದ್ದು, ಸೋಪು ಅದನ್ನು ಒಡೆಯುತ್ತದೆ. 15 ನಿಮಿಷ ಎಂದರೆ ಗಡಿಯಾರ ನೋಡಿಯೇ 15 ನಿಮಿಷ, ಎರಡು ಚೊಂಬು ನೀರು ಸುರಿದು ಮುಗಿಸುವುದಲ್ಲ. ನಲ್ಲಿಯಿಲ್ಲದಿದ್ದರೆ ಯಾರಾದರೂ ಬಿಂದಿಗೆಯಿಂದ ಸುರಿಯುತ್ತಿರಲಿ. ಆಮೇಲೆ ಪೊವಿಡೋನ್ ಅಯೋಡಿನ್ ಎಂಬ ಗಾಯದ ಔಷಧಿ ಇದ್ದರೆ ಹಚ್ಚಿ, ಬಿಗಿಯಾಗಿ ಕಟ್ಟದೆ ಆಸ್ಪತ್ರೆಗೆ ಹೊರಡಬೇಕು. ಇಂಥ ಗಾಯಕ್ಕೆ ಕೂಡಲೇ ಹೊಲಿಗೆ ಹಾಕುವಂತಿಲ್ಲ. ಹಾಕಲೇಬೇಕಾದರೆ ಸೀರಂ ಕೊಟ್ಟ ನಂತರ ಸಡಿಲವಾಗಿ ಹಾಕುತ್ತಾರೆ.

ಆಸ್ಪತ್ರೆಯಲ್ಲಿ ಗಾಯವನ್ನು ಮೂರು ವರ್ಗಗಳಲ್ಲಿ ನೋಡುತ್ತಾರೆ. ಗಾಯವಿಲ್ಲದ ಚರ್ಮವನ್ನು ನಾಯಿ ನೆಕ್ಕಿದರೆ ಅದು ಒಂದನೇ ವರ್ಗ, ತೊಳೆದುಕೊಂಡರೆ ಸಾಕು. ರಕ್ತ ಬಾರದ ಸಣ್ಣ ಪರಚು, ಬರಿಯ ಚರ್ಮದ ಮೇಲೆ ಹಲ್ಲಿನ ಮೆಲುಕಡಿತ ಎರಡನೇ ವರ್ಗ, ಲಸಿಕೆ ಬೇಕು. ಚರ್ಮ ಹರಿದು ರಕ್ತ ಬಂದ ಯಾವುದೇ ಕಡಿತ ಅಥವಾ ಪರಚು, ಮೊದಲೇ ಇದ್ದ ಗಾಯದ ಮೇಲೆ ನೆಕ್ಕಿದ್ದು, ಕಣ್ಣು ಬಾಯಿಗೆ ಜೊಲ್ಲು ಸಿಡಿದದ್ದು ಮೂರನೇ ವರ್ಗ. ಇಲ್ಲಿ ಲಸಿಕೆಯ ಜೊತೆ ಸೀರಂ, ಅಂದರೆ ಇಮ್ಯುನೋಗ್ಲಾಬ್ಯುಲಿನ್, ಕೂಡ ಬೇಕು. ನರಿ, ತೋಳ, ಮುಂಗುಸಿಯಂಥ ಕಾಡುಪ್ರಾಣಿ ಕಚ್ಚಿದರೆ ನೇರವಾಗಿ ಮೂರನೆಯದೇ. ಹಾವು, ಹಲ್ಲಿ, ಹಕ್ಕಿಗಳಿಂದ ರೇಬೀಸ್ ಬರುವುದಿಲ್ಲ, ಅದು ಸಸ್ತನಿಗಳ ರೋಗ.

ಲಸಿಕೆ ಇದ್ದ ಮೇಲೆ ಸೀರಂ ಏಕೆ ಎಂದು ಅನೇಕರು ಕೇಳುತ್ತಾರೆ. ಲಸಿಕೆ ನಮ್ಮ ಹೊಲದಲ್ಲಿ ರಾಗಿ ಬಿತ್ತಿದಂತೆ, ಪೈರು ಕೈಗೆ ಬರಲು ದಿನ ಬೇಕು. ಸೀರಂ ಅಂಗಡಿಯಿಂದ ತಂದ ರಾಗಿ, ಇವತ್ತಿನ ಮುದ್ದೆಗೆ. ಲಸಿಕೆ ಪಡೆದ ದೇಹ ವೈರಸ್ಸನ್ನು ಎದುರಿಸುವ ಪ್ರತಿಕಾಯಗಳನ್ನು ಸಾಕಷ್ಟು ತಯಾರಿಸಲು ಒಂದರಿಂದ ಎರಡು ವಾರ ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ವೈರಸ್ ನರದೊಳಗೆ ಸೇರಿಬಿಟ್ಟರೆ ಆಮೇಲೆ ಹುಟ್ಟಿದ ಪ್ರತಿಕಾಯ ಅದನ್ನು ಮುಟ್ಟಲಾರದು. ಸಿದ್ಧ ಪ್ರತಿಕಾಯಗಳಿರುವ ಸೀರಮ್ಮನ್ನು ಗಾಯದ ಒಳಗೆ ಮತ್ತು ಸುತ್ತಲೂ ಚುಚ್ಚಿ ವೈರಸ್ಸನ್ನು ಅಲ್ಲೇ ತಡೆಯುತ್ತಾರೆ. ಬೆರಳಿನಂಥ ಜಾಗದಲ್ಲಿ ಇದು ನೋವಿನ ಚಿಕಿತ್ಸೆ, ಮಗು ಅಳುತ್ತದೆ, ತಂದೆತಾಯಿ ಬೇಡವೆನ್ನುತ್ತಾರೆ. ದಯವಿಟ್ಟು ಬೇಡವೆನ್ನಬೇಡಿ. ಮೊದಲ ಲಸಿಕೆಯಾಗಿ ಏಳು ದಿನ ದಾಟಿದರೆ ಸೀರಂ ಕೊಡುವುದಿಲ್ಲ. ಸಣ್ಣ ಆರೋಗ್ಯ ಕೇಂದ್ರದಲ್ಲಿ ಸೀರಂ ಇಲ್ಲದಿದ್ದರೆ ಮೊದಲ ಲಸಿಕೆ ಅಲ್ಲೇ ಹಾಕಿಸಿಕೊಂಡು, ಚೀಟಿ ಬರೆಸಿಕೊಂಡು, ಅದೇ ದಿನ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಹೋಗಬೇಕು.

ಹೊಕ್ಕುಳ ಸುತ್ತ 14 ಸೂಜಿ ಎಂಬ ಭಯ ಹಿರಿಯರಲ್ಲಿ ಇನ್ನೂ ಇದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆ ಭಾರತದಲ್ಲಿ 2005ರ ವೇಳೆಗೆ ಸಂಪೂರ್ಣವಾಗಿ ನಿಂತುಹೋಯಿತು. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡು ತೋಳುಗಳ ಚರ್ಮದ ಪದರದೊಳಗೆ ತಲಾ 0.1 ಮಿಲಿಲೀಟರ್ ಲಸಿಕೆ ಕೊಡುತ್ತಾರೆ, ಉಚಿತವಾಗಿ. ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 3, 7 ಮತ್ತು 28ನೇ ದಿನ ಮತ್ತೆ ಹೋಗಬೇಕು. ಸ್ನಾಯುವಿಗೆ ಕೊಡುವ ಕ್ರಮದಲ್ಲಾದರೆ 0, 3, 7, 14, 28 ಎಂದು ಐದು ಸಲ. ಪೃಷ್ಠಕ್ಕೆ ಈ ಲಸಿಕೆ ಕೊಡುವಂತಿಲ್ಲ. ಗರ್ಭಿಣಿಯರೂ ಹಾಲೂಡಿಸುವ ತಾಯಂದಿರೂ ಹಾಕಿಸಿಕೊಳ್ಳಬಹುದು, ಪಥ್ಯವೇನೂ ಇಲ್ಲ. ಜನ ಬಿಡುವುದು ಕೊನೆಯ ಡೋಸನ್ನು. ಕಾರಣ ಉದಾಸೀನ ಮಾತ್ರವಲ್ಲ. ಕೂಲಿಯ ದಿನ ಕಳೆಯುತ್ತದೆ, ಬಸ್ಸು ಸಿಗುವುದಿಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಹೊತ್ತಿಗೆ ಆ 28ನೇ ದಿನ ಬಂದರೆ ಯಾರು ಮನೆ ಬಿಟ್ಟು ಹೊರಡುತ್ತಾರೆ? ಆ ದಿನ ತಪ್ಪಿದರೆ ಮರುದಿನವೋ ಅದರ ಮರುದಿನವೋ ಹೋಗಿ ಹಾಕಿಸಿಕೊಂಡರೆ ಸಾಕು, ಮೊದಲಿನಿಂದ ಶುರು ಮಾಡಬೇಕಿಲ್ಲ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಿ ಕಳಿಸಬೇಕು. ತಪ್ಪಿತಲ್ಲ, ಇನ್ನೇಕೆ ಎಂದು ಬಿಡುವವರೇ ಹೆಚ್ಚು.

ಹತ್ತು ದಿನ ನಾಯಿಯನ್ನು ಗಮನಿಸುವ ನಿಯಮವನ್ನೂ ತಲೆಕೆಳಗಾಗಿ ಬಳಸುತ್ತಾರೆ. ರೇಬೀಸ್ ಇರುವ ನಾಯಿ ಅಥವಾ ಬೆಕ್ಕಿನ ಜೊಲ್ಲಿನಲ್ಲಿ ವೈರಸ್ ಬರುವುದು ಅದಕ್ಕೆ ರೋಗಲಕ್ಷಣ ಕಾಣುವ ಕೆಲವು ದಿನಗಳ ಮುಂಚೆ, ಆಮೇಲೆ ಅದು ಬೇಗ ಸಾಯುತ್ತದೆ. ಹಾಗಾಗಿ ಕಚ್ಚಿ ಹತ್ತು ದಿನವಾದ ಮೇಲೂ ನಾಯಿ ಆರೋಗ್ಯವಾಗಿದ್ದರೆ ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಸ್ ಇರಲಿಲ್ಲ ಎಂದು ತಿಳಿಯಬಹುದು. ಉಳಿದ ಡೋಸ್‌ಗಳನ್ನು ಏನು ಮಾಡಬೇಕೆಂದು ಆಗ ವೈದ್ಯರು ನಿರ್ಧರಿಸುತ್ತಾರೆ. ಲಸಿಕೆಯನ್ನು ಮೊದಲ ದಿನವೇ ಆರಂಭಿಸಿ ನಾಯಿಯನ್ನು ಗಮನಿಸಬೇಕು. ಹತ್ತು ದಿನ ನೋಡಿ ಆಮೇಲೆ ಆಸ್ಪತ್ರೆಗೆ ಹೋಗೋಣ ಎನ್ನುವುದು ಪ್ರಾಣದ ಜೊತೆ ಜೂಜು. ಬೀದಿನಾಯಿ ಕಣ್ಮರೆಯಾಗಿದ್ದರೆ ರೇಬೀಸ್ ಇತ್ತೆಂದೇ ಭಾವಿಸಿ ಪೂರ್ತಿ ಚಿಕಿತ್ಸೆ. ಸಿಟ್ಟಿನಲ್ಲಿ ನಾಯಿಯನ್ನು ಹೊಡೆದು ಕೊಂದರೆ ಗಮನಿಸುವ ಅವಕಾಶವೇ ಹೋಗುತ್ತದೆ.

ಹಾಲಿನ ಸೀಮೆಯವರು ಹಸುವಿನ ರೇಬೀಸನ್ನು ಬೇರೆಯಾಗಿಯೇ ತಿಳಿದಿರಬೇಕು. ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ವಿಚಿತ್ರ ದನಿಯಲ್ಲಿ ಪದೇ ಪದೇ ಕೂಗುವ ಹಸುವಿನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ತೂರಿಸುವುದು ಸಹಜವಾಗಿ ನಡೆಯುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ದು ಬೆರಳುಗಳಲ್ಲಿ ಗೀರುಗಳಿದ್ದರೆ ಜೊಲ್ಲಿಗೆ ಅಷ್ಟೇ ಸಾಕು. ಕೈಹಾಕುವ ಮುಂಚೆ ಪಶು ವೈದ್ಯರನ್ನು ಕರೆಯಿರಿ, ಕೈಹಾಕಿಯಾಗಿದ್ದರೆ ಸೋಪಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ಕಾಯಿಸಿದ ಹಾಲಿನಿಂದ ರೇಬೀಸ್ ಬರುವುದಿಲ್ಲ, ಆ ಹಸುವಿನ ಹಾಲು ಕುಡಿದ ಊರವರೆಲ್ಲ ಗಾಬರಿಯಾಗಬೇಕಿಲ್ಲ. ನಾಯಿ ಕಚ್ಚಿದ ಹಸುವಿಗೂ ಕಡಿತದ ನಂತರದ ಲಸಿಕೆ ಕ್ರಮವಿದೆ. ಸತ್ತ ಪ್ರಾಣಿಯಲ್ಲಿ ರೇಬೀಸ್ ಇತ್ತೇ ಎಂಬುದನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಮಿದುಳಿನ ಮಾದರಿಯಿಂದ ಪರೀಕ್ಷಿಸುತ್ತಾರೆ, ಬಳ್ಳಾರಿ ರಸ್ತೆಯಲ್ಲಿ ನಮಗೆ ಅದು ದೂರವೇನಲ್ಲ.

ಊರಿನ ಮಟ್ಟದಲ್ಲಿ ಕೆಲಸ ಮಾಡುವುದು ನಾಯಿಗಳ ಲಸಿಕೆ. ನೂರಕ್ಕೆ 70 ನಾಯಿಗಳಿಗೆ ಲಸಿಕೆಯಾದರೆ ಅವುಗಳ ನಡುವೆ ರೋಗದ ಸರಪಳಿ ಕಡಿಯುತ್ತದೆ. ಗೋವಾದಲ್ಲಿ 2013ರಿಂದ ಬಲೆ ಹಿಡಿದು ಬೀದಿ ಬೀದಿ ಸುತ್ತಿ ನಾಯಿಗಳಿಗೆ ಲಸಿಕೆ ಹಾಕಿದರು, 2018ರಿಂದ ಹಲವು ವರ್ಷ ಅಲ್ಲಿ ಮನುಷ್ಯರ ರೇಬೀಸ್ ಸಾವು ವರದಿಯಾಗಲಿಲ್ಲ. ನಾಯಿಗಳನ್ನು ಕೊಲ್ಲುವುದರಿಂದ ಈ ಫಲ ಬರುವುದಿಲ್ಲ. ಖಾಲಿಯಾದ ಜಾಗಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬರುತ್ತವೆ. ನಾಯಿಯಿಂದ ಬರುವ ರೇಬೀಸ್ ಸಾವುಗಳನ್ನು 2030ರೊಳಗೆ ಕೊನೆಗಾಣಿಸುವುದು ದೇಶದ ಗುರಿ. ಪಂಚಾಯಿತಿಗಳು ಕೋಳಿ ತ್ಯಾಜ್ಯಕ್ಕೆ ದಾರಿ ಮಾಡಿ, ವರ್ಷಕ್ಕೊಮ್ಮೆ ಲಸಿಕೆ ಶಿಬಿರಕ್ಕೆ ಪಶುಸಂಗೋಪನಾ ಇಲಾಖೆಯನ್ನು ಕರೆಸಿದರೆ ಆ ಗುರಿ ನಮ್ಮ ಜಿಲ್ಲೆಯಲ್ಲಾದರೂ ಕೈಗೆಟುಕುತ್ತದೆ ಎಂದು ನಾನು ನಂಬುತ್ತೇನೆ.

ಇದನ್ನು ಓದುತ್ತಿರುವಾಗ ಕಳೆದ ತಿಂಗಳು ಮಗುವನ್ನು ಪರಚಿದ ಮರಿಯೋ, ಸತ್ತುಹೋದ ಹಸುವಿನ ಜೊಲ್ಲು ತಾಗಿದ ಕೈಯೋ ನೆನಪಾಗಿರಬಹುದು. ವೈರಸ್ ನಿಧಾನವಾಗಿ ಸಾಗುವುದರಿಂದ ತಿಂಗಳುಗಳು ಕಳೆದಿದ್ದರೂ ಚಿಕಿತ್ಸೆಯನ್ನು ಅಂದೇ ಕಡಿಸಿಕೊಂಡವರಂತೆ ಆರಂಭಿಸುತ್ತಾರೆ, ಗಾಯ ಮಾಗಿದ್ದರೂ ಸರಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ, ಕಚ್ಚಿದ ಪ್ರಾಣಿ ಯಾವುದು, ಯಾವಾಗ, ಅದು ಈಗ ಬದುಕಿದೆಯೇ ಎಂಬುದನ್ನು ಹೇಳಿ, ಇವತ್ತೇ ಮೊದಲ ಡೋಸ್ ಹಾಕಿಸಿಕೊಳ್ಳಿ.